ಕಿರ್ದಿ, ಖಾತೆ ಮತ್ತು ಎರಡು ಹಾರ್ಡ್‌ಡಿಸ್ಕ್

ಇವತ್ತಿನ ಕತೆ ಮುಶಿಗೇರಿಯಿಂದ ಶುರು. ನಮ್ಮ ಕಾಕಾನ ಗೊಬ್ಬರದ ಅಂಗಡಿ ಸರ್ವರ್‌ನಲ್ಲಿ ಜಾಗ ಮುಗಿದಿತ್ತು. ಸರ್ವರ್ ಅಂದ್ರೆ ದೊಡ್ಡದೇನಲ್ಲ, ಮೇಜಿನ ಕೆಳಗಿನ ಒಂದು ಡಬ್ಬಿ. ಒಳಗೆ ತಲಾ 1 ಟಿಬಿಯ ಎರಡು ಹಾರ್ಡ್‌ಡಿಸ್ಕ್. ಸಿಸಿಟಿವಿ ವಿಡಿಯೊ, ಬಿಲ್ಲಿನ ಸ್ಕ್ಯಾನ್, ಎಲ್ಲಕ್ಕಿಂತ ಮುಖ್ಯವಾಗಿ ರೈತರ ಉದ್ರಿ ಲೆಕ್ಕ ಅದರಲ್ಲೇ ಇತ್ತು.

"4 ಟಿಬಿ ಹಾಕ್ಸೋಣ" ಅಂದೆ. ಕಾಕಾ ಅಂದ: "ಹಾಕ್ಸಪಾ. ಆದ್ರ ಹಳೇ ಬಾಕಿ ಒಂದೂ ಹೋಗಬಾರದು ನೋಡು."

ಈ ಭಯ ಹಳೆಯದು. ನಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರಿ ಸಂಘ ಅಂತ ಹೆಸರಾದದ್ದು ಅದೇ. ಸಾಲ ಕೊಡೋ ಸಂಘ ನಿಲ್ಲೋದೇ ಬರೆದಿಟ್ಟ ಲೆಕ್ಕದ ಮೇಲೆ. ಲೆಕ್ಕ ಹೋದರೆ ಯಾರ ಮಾತು ಖರೆ?

ಅದಕ್ಕೆ ಹಳೇ ಲೆಕ್ಕಿಗರ ಬಳಿ ಉಪಾಯವಿತ್ತು. ದಿನದ ವ್ಯವಹಾರವೆಲ್ಲ ಕಿರ್ದಿಯಲ್ಲಿ. ಅದೇ ವ್ಯವಹಾರ ಮತ್ತೆ ಆಯಾ ವ್ಯಕ್ತಿಯ ಖಾತೆ ಪುಟದಲ್ಲಿ. ಖಾತೆಗೆ ಗೆದ್ದಲು ಹಿಡಿದರೂ ಕಿರ್ದಿ ನೋಡಿ ಮತ್ತೆ ಬರೆಯಬಹುದಿತ್ತು.

ಈಗ ಡಿಸ್ಕಿಗೆ ಬರೋಣ. 1956ರಲ್ಲಿ ಐಬಿಎಂನ ರಾಮ್ಯಾಕ್ ಬಂತು. 24 ಇಂಚಿನ 50 ತಟ್ಟೆ, ಟನ್‌ಗಿಂತ ಹೆಚ್ಚು ತೂಕ; ಹಿಡಿಸಿದ್ದು ಸುಮಾರು 5 ಎಂಬಿ. ನಾವು ತಂದ 4 ಟಿಬಿ ಅದರ 8 ಲಕ್ಷ ಪಟ್ಟು! 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ, ಅಂದ್ರೆ ನಮ್ಮ ಕಡೆಯ ಉತಾರ, ಕಂಪ್ಯೂಟರಿಗೆ ಬಂದವು. ಹೊಲದ ಹಕ್ಕೂ ಡಿಸ್ಕಿನ ಮೇಲೆ ಕೂತಿತು.

ಡಿಸ್ಕ್ ಕೆಟ್ಟರೆ? 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಒಂದು ಪ್ರಬಂಧ ಬರೆದರು: ಒಂದು ದುಬಾರಿ ಡಿಸ್ಕಿನ ಬದಲು ಹಲವು ಅಗ್ಗದ ಡಿಸ್ಕ್ ಜೋಡಿಸಿ. ಅದಕ್ಕೆ 'ರೇಡ್' ಅಂತ ಹೆಸರಿಟ್ಟರು. ಅದರ ಮೊದಲ ಹಂತ ಕನ್ನಡಿ ಪ್ರತಿ: ಒಂದೇ ಮಾಹಿತಿ ಎರಡು ಡಿಸ್ಕಿನಲ್ಲಿ. ಕಾಕಾನ ಡಬ್ಬಿಯಲ್ಲಿದ್ದದ್ದೂ ಅದೇ.

ಆದ್ರೆ ಒಂದು ವ್ಯತ್ಯಾಸ ಇದೆ. ಕನ್ನಡಿಯಲ್ಲಿ ತಪ್ಪಿ ಅಳಿಸಿದ್ದು ಎರಡೂ ಕಡೆ ಅಳಿಯುತ್ತೆ. ಹಾಗಾಗಿ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ, ನಾಲ್ಕೈದು ಖಾತೆ ತೆರೆದು ತಾಳೆ ನೋಡಿದೆ. ಆಮೇಲೆ ಒಂದು ಹಳೇ ಡಿಸ್ಕ್ ತೆಗೆದು ಹೊಸದು ಹಾಕಿದೆ. ಅದು ತುಂಬೋ ಅಷ್ಟೂ ಹೊತ್ತು ಸರ್ವರ್ ಒಂದೇ ಕಾಲಿನ ಮೇಲೆ ನಿಂತಹಾಗೆ. ಉಳಿದ ಹಳೇ ಡಿಸ್ಕ್ ಕೈಕೊಟ್ಟರೆ ಹೊರಗಿನ ನಕಲೊಂದೇ ಗತಿ. ಅದು ಮುಗಿದ ಮೇಲೆ ಎರಡನೆಯದು. ಎರಡೂ ಬದಲಾದರೂ ಜಾಗ 1 ಟಿಬಿ ಅಂತಲೇ ತೋರಿಸ್ತು. ಕೊನೆಗೆ ವಾಲ್ಯೂಮ್ ಹಿಗ್ಗಿಸಬೇಕಾಯ್ತು.

ಕಾಕಾ ಒಂದೆರಡು ಬಾಕಿ ತೆಗೆಸಿ ನೋಡಿ, ತಲೆ ಆಡಿಸಿದ. ಆ ಹೊರಗಿನ ಡಿಸ್ಕ್ ಈಗ ಮನೆಯ ಕಪಾಟಿನಲ್ಲಿದೆ, ಹಳೇ ಕಿರ್ದಿ ಪುಸ್ತಕಗಳ ಪಕ್ಕ.

ನಿಮ್ಮ ಫೋನಿನ ಫೋಟೊಗಳಿಗೆ ಕಿರ್ದಿ ಇದೆಯಾ? ಮತ್ತೆ ಸಿಗೋಣ.