ದಡಕ್ಕಾಗಿ ಹೆಣೆದ ದೋಣಿ: ಎಡೆದೊರೆನಾಡಿನ ಹರಿಗೋಲಿನ ವಿನ್ಯಾಸ ಕುರಿತ ಒಂದು ಪರಿಶೀಲನೆ

ದೋಣಿಯ ವಿನ್ಯಾಸ ಕುರಿತು ಬರೆಯುವವರು ಸಾಮಾನ್ಯವಾಗಿ ಅದು ನೀರಿನಲ್ಲಿ ಹೇಗೆ ಸಾಗುತ್ತದೆ ಎಂಬಲ್ಲಿಂದ ಶುರುಮಾಡುತ್ತಾರೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆನಾಡಿನ, ಅಂದರೆ ರಾಯಚೂರು ದೋಆಬಿನ ಹರಿಗೋಲನ್ನು ಆ ಅಳತೆಗೋಲಿನಿಂದ ಅಳೆದರೆ ಅದು ನಪಾಸಾಗುವುದು ಖಂಡಿತ. ಅದಕ್ಕೆ ಹಾಯಿಯಿಲ್ಲ, ಚುಕ್ಕಾಣಿಯಿಲ್ಲ, ಕೀಲ್ ಇಲ್ಲ. ಮುಂದು ಹಿಂದು ಎಂಬುದೂ ಇಲ್ಲ. ಹುಟ್ಟು ಹಾಕಿದಲ್ಲೆಲ್ಲ ಗಿರ್ರನೆ ತಿರುಗುತ್ತದೆ. ಆದರೂ ಅದು ಈ ಎರಡು ಹೊಳೆಗಳಲ್ಲಿ ಕನಿಷ್ಠ ಐದು ಶತಮಾನಗಳಿಂದ ಆಕಾರ ಬದಲಿಸದೆ ಉಳಿದುಬಂದಿದೆ. ಇದನ್ನು ಹಳ್ಳಿಗರ ಸಂಪ್ರದಾಯಪ್ರಿಯತೆಯ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಹರಿಗೋಲಿನ ಆಕಾರವನ್ನು ನಿರ್ಧರಿಸಿದ್ದು ನೀರಿಗಿಂತ ಹೆಚ್ಚಾಗಿ ದಡ ಎಂಬುದು ಈ ಲೇಖನದ ವಾದ: ಅದನ್ನು ಹೊರುವ, ಒಣಗಿಸುವ, ತೇಪೆ ಹಾಕುವ, ಆರು ತಿಂಗಳು ಬಿಸಿಲಿನಲ್ಲಿ ಬೋರಲು ಹಾಕಿಡುವ ಅಗತ್ಯಗಳು. ಸಣ್ಣ ಹಾಯಿದೋಣಿಯನ್ನು ವಾಹನದ ಹಿಂದೆ ಕಟ್ಟಿಕೊಂಡು ಬೇಕಾದ ನೀರಿಗೆ ಒಯ್ಯುವ ಪದ್ಧತಿ ಪಶ್ಚಿಮದಲ್ಲಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ದೋಣಿಗಳನ್ನು ರೂಪಿಸಿದವರು ಎದುರಿಸಿದ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ನಮ್ಮ ಮೇದಾರರೂ ಅಂಬಿಗರೂ ಬೇರೊಂದು ಉತ್ತರ ಕಂಡುಕೊಂಡಿದ್ದರು.

ಮೊದಲು ಲಿಖಿತ ಆಧಾರಗಳು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆ ಹೊಳೆ ದಾಟಿಸುವ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸಬಹುದು. ಸದಾ ಸುತ್ತುತ್ತಲೇ ಇರುತ್ತವೆ. ಹೊಳೆಯಿರುವ ಕಡೆಯಲ್ಲೆಲ್ಲ ಈ ರಾಜ್ಯದಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎಂದು ಅವನು ಸೇರಿಸಿದ ಮಾತು ನಮಗೆ ಹೆಚ್ಚು ಮುಖ್ಯ. ಕರಾವಳಿಯ ಹಾಯಿ ಹಡಗುಗಳನ್ನು ಬಲ್ಲ, ಸ್ವತಃ ಕಡಲು ದಾಟಿ ಬಂದ ಮನುಷ್ಯ ಹೇಳಿದ ಮಾತಿದು.

ಇನ್ನೊಂದು ಮೂಲ ಆಸ್ಥಾನಿಕ ಇತಿಹಾಸಕಾರ ಫೆರಿಷ್ಟಾನ ಬರಹ. 1398ರಲ್ಲಿ ಫಿರೋಜ್ ಶಹಾ ಬಹಮನಿ ವಿಜಯನಗರದ ಮೇಲೆ ಬಂದಾಗ ಕೃಷ್ಣೆ ತುಂಬಿ ಹರಿಯುತ್ತಿತ್ತು, ಎದುರು ದಂಡೆಯಲ್ಲಿ ವೈರಿ ಬೀಡುಬಿಟ್ಟಿದ್ದ. ಖಾಜಿ ಸಿರಾಜನೆಂಬವನು ಕಲಾವಿದರ ವೇಷದಲ್ಲಿ ಬೀಡಿನೊಳಗೆ ನುಸುಳಿ ಗೊಂದಲವೆಬ್ಬಿಸಿದ ರಾತ್ರಿ, ಕೆಲವು ಸಾವಿರ ಸೈನಿಕರು ತೆಪ್ಪಗಳಲ್ಲಿ ಹೊಳೆ ದಾಟಿದರು ಎಂಬುದು ಫೆರಿಷ್ಟಾನ ಕಥನ. ಅದೇ ಕೃಷ್ಣೆಯ ದಡದಲ್ಲಿ 1520ರ ರಾಯಚೂರು ಯುದ್ಧದ ಹೊತ್ತಿಗೆ ಇಸ್ಮಾಯಿಲ್ ಆದಿಲ್‌ಶಹಾ ತೆಪ್ಪಗಳು ಸಾಕಷ್ಟು ಸಿದ್ಧವಾಗುವ ಮುನ್ನವೇ ದಾಟಿ ಕೆಟ್ಟ ಎಂದೂ ಫೆರಿಷ್ಟಾ ದೂರುತ್ತಾನೆ. ಸೋಲಿನ ಹೊಣೆಯನ್ನು ತೆಪ್ಪಗಳ ಕೊರತೆಗೆ ಹೊರಿಸುವ ಆಸ್ಥಾನಿಕ ಇತಿಹಾಸಕಾರನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ದಂಡು ತನ್ನ ದೋಣಿಗಳನ್ನು ಹೊಳೆಯ ದಡದಲ್ಲೇ, ಕೆಲವೇ ದಿನಗಳಲ್ಲಿ, ಸಿಕ್ಕ ಬಿದಿರು ತೊಗಲುಗಳಿಂದ ಹೆಣೆದುಕೊಳ್ಳುತ್ತಿತ್ತು ಎಂಬುದನ್ನು ಎರಡೂ ಪ್ರಸಂಗಗಳು ಸೂಚಿಸುತ್ತವೆ. ಫೆರಿಷ್ಟಾನನ್ನು ಇಂಗ್ಲಿಷಿಗೆ ತಂದ ಬ್ರಿಗ್ಸ್ ತನ್ನ ಕಾಲದ ಸಂಗತಿಯೊಂದನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದ್ದಾನೆ. 1812ರಲ್ಲಿ ಬ್ರಿಟಿಷ್ ತುಕಡಿಯೊಂದು ತನ್ನ ಭಾರಿ ತೋಪುಗಳನ್ನು ಬಿಚ್ಚದೆ, ಗಾಲಿಸಮೇತ, ಇಂಥ ಬುಟ್ಟಿದೋಣಿಗಳಲ್ಲೇ ತುಂಗಭದ್ರೆ ದಾಟಿಸಿತಂತೆ.

ಇನ್ನು ರಚನೆಗೆ ಬರೋಣ. ಮೊದಲ ತೊಡಕು ಮರದ್ದು. ರಾಯಚೂರು, ದೇವದುರ್ಗ, ಮಾನ್ವಿಗಳು ಜಾಲಿ, ಬೇವು, ಹುಣಸೆಗಳ ಸೀಮೆ. ಉದ್ದನೆಯ ನೇರ ಹಲಗೆ ಕೊಡುವ ಮರ ಇಲ್ಲಿ ಅಪರೂಪ. ಬಿದಿರು ಕೂಡ ಹೊರಗಿನಿಂದಲೇ ಬರಬೇಕು, ಆದರೆ ಅದನ್ನು ಬಂಡಿಯಲ್ಲಿ ತರುವುದು ಸುಲಭ. ಸೀಳಿದರೆ ಒಂದು ಗಳದಿಂದ ಹಲವು ದಬ್ಬೆಗಳಾಗುತ್ತವೆ. ಎರಡನೆಯದು ಬಿಸಿಲು. ಬೇಸಗೆಯಲ್ಲಿ ಇಲ್ಲಿಯ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಹಲಗೆ ಜೋಡಿಸಿದ ದೋಣಿ ನೀರಿನಲ್ಲೇ ಇದ್ದರೆ ಮರ ಉಬ್ಬಿ ಸಂದುಗಳು ಬಿಗಿಯಾಗಿರುತ್ತವೆ. ಅದನ್ನೇ ತಿಂಗಳುಗಟ್ಟಲೆ ಒಣ ದಡದಲ್ಲಿ ಬಿಟ್ಟರೆ ಹಲಗೆ ಸುಕ್ಕಿ ಸಂದುಗಳು ಬಾಯಿಬಿಡುತ್ತವೆ, ಮಳೆಗಾಲದ ಮೊದಲ ದಿನವೇ ತಳದಿಂದ ನೀರು ಏಳುತ್ತದೆ. ಹರಿಗೋಲಿನಲ್ಲಿ ನೀರು ತಡೆಯುವ ಕೆಲಸ ಮರದ್ದಲ್ಲ, ಹೊದಿಕೆಯದು. ಬಿದಿರು ಎಷ್ಟು ಒಣಗಿದರೂ ಹೆಣಿಗೆಗೆ ಬಾಧಕವಿಲ್ಲ. ಬಲಕ್ಕೆ ಒಂದು ವಸ್ತು, ನೀರು ತಡೆಯಲು ಇನ್ನೊಂದು ಎಂಬ ಈ ಬೇರ್ಪಡಿಕೆಯನ್ನು ನಾನು ಹರಿಗೋಲಿನ ಮೂಲ ಸೂತ್ರವೆಂದೇ ಭಾವಿಸುತ್ತೇನೆ.

ಕಟ್ಟುವ ಕ್ರಮವೂ ಇದಕ್ಕೆ ತಕ್ಕಂತೆಯೇ ಇದೆ. ಹಸಿ ದಬ್ಬೆಗಳನ್ನು ಎರಡು ಮೂರರ ಕಟ್ಟುಗಳಾಗಿ ಮಟ್ಟಸವಾದ ನೆಲದ ಮೇಲೆ ಹಲವು ದಿಕ್ಕಿನಿಂದ ಹಾಯಿಸಿ ತಳ ಹೆಣೆಯುತ್ತಾರೆ. ತಳದ ನಡುವೆ ಕಲ್ಲು ಹೇರಿ, ಹೊರಗೆ ಉಳಿದ ತುದಿಗಳನ್ನು ಮೇಲಕ್ಕೆ ಬಾಗಿಸುತ್ತ ಅಡ್ಡ ದಬ್ಬೆಗಳಿಂದ ಗೋಡೆ ಎಬ್ಬಿಸುತ್ತಾರೆ. ಬಾಯಂಚಿಗೆ ದಪ್ಪನೆಯ ಬಿದಿರಿನ ಬಳೆ ಕೂರಿಸಿ ಬಿಗಿಯುತ್ತಾರೆ. ಬಾಗಿದ ಪ್ರತಿ ದಬ್ಬೆಯೂ ನೆಟ್ಟಗಾಗಲು ಹವಣಿಸುತ್ತ ಆ ಬಳೆಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಆ ಒತ್ತಡವೇ ಇಡೀ ಬುಟ್ಟಿಯನ್ನು ಬಿರುಸಾಗಿಡುತ್ತದೆ. ಒಂದೂ ಮೊಳೆಯಿಲ್ಲ. ಹಿಂದೆ ಇದರ ಮೇಲೆ ಎತ್ತು ಎಮ್ಮೆಗಳ ತೊಗಲು ಬರುತ್ತಿತ್ತು. ಈಗ ರಸಗೊಬ್ಬರದ ಚೀಲಗಳನ್ನು ಹೊಲಿದ ಹೊದಿಕೆ ಅಥವಾ ತಾಡಪತ್ರಿ, ಅದರ ಮೇಲೆ ಕಾಯಿಸಿದ ಡಾಂಬರು. ತಳ ಬಂಡೆಗೆ ಉಜ್ಜಿ ಹರಿದರೆ ದಡದಲ್ಲೇ ನಾಲ್ಕು ಕಟ್ಟಿಗೆ ಒಟ್ಟಿ, ಡಬ್ಬಿಯಲ್ಲಿ ಡಾಂಬರು ಕರಗಿಸಿ, ಚೀಲದ ತುಂಡೊಂದನ್ನು ಅಂಟಿಸಿದರೆ ರಿಪೇರಿ ಮುಗಿಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನೂ ಇದ್ದ, ಅಂಬಿಗರ ಚೌಡಯ್ಯನೂ ಇದ್ದ. ಹೆಣೆಯುವವನ ಮತ್ತು ನಡೆಸುವವನ ಕಸುಬುಗಳು ಅಷ್ಟು ಹಿಂದೆಯೇ ಬೇರೆಬೇರೆಯಾಗಿ ನೆಲೆಗೊಂಡಿದ್ದವು ಎನ್ನಲು ಇದಿಷ್ಟು ಸಾಕು.

ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆ ಮೊದಲ ಶಿಸ್ತಿನ ಅಧ್ಯಯನ ಮಾಡಿದವರು ಮದರಾಸಿನಲ್ಲಿ ಮೀನುಗಾರಿಕೆ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್. ಅವರ ಲೇಖನ ಪ್ರಕಟವಾದದ್ದು 1933ರಲ್ಲಿ. ಮೆಸೊಪೊಟೇಮಿಯದ ಕುಫ್ಫಾ ಎಂಬ ದುಂಡು ದೋಣಿ, ವೇಲ್ಸಿನ ತೊಗಲುದೋಣಿಗಳ ಜೊತೆ ಹರಿಗೋಲನ್ನು ಹೋಲಿಸುವ ಪರಿಪಾಠವಿದೆ. ಯಾವ ದೇಶದಿಂದ ಯಾವ ದೇಶಕ್ಕೆ ಹೋಯಿತು ಎಂಬ ಚರ್ಚೆಯಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಹೆರೊಡೊಟಸ್ ಬ್ಯಾಬಿಲೋನಿನ ದುಂಡು ದೋಣಿಗಳ ಬಗ್ಗೆ ಹೇಳುವ ಒಂದು ವಿವರ ಮಾತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ವ್ಯಾಪಾರಿಗಳು ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಪ್ರವಾಹದೊಂದಿಗೆ ಇಳಿದುಬರುತ್ತಿದ್ದರು. ಊರು ಮುಟ್ಟಿದ ಮೇಲೆ ಚೌಕಟ್ಟನ್ನು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ, ನೆಲದ ದಾರಿ ಹಿಡಿದು ವಾಪಸಾಗುತ್ತಿದ್ದರು. ಅಲ್ಲಿಯೂ ದೋಣಿಯ ಅರ್ಧ ಪ್ರಯಾಣ ನೆಲದ ಮೇಲೆಯೇ. ನಮ್ಮಲ್ಲಿ ಮೀನು ಹಿಡಿಯುವ ಸಣ್ಣ ಹರಿಗೋಲನ್ನು ಒಬ್ಬನೇ ಬೆನ್ನ ಮೇಲೆ ಬೋರಲು ಹೊತ್ತು ನಡೆಯುತ್ತಾನೆ. ದೂರದಿಂದ ಆಮೆಯೊಂದು ಎರಡು ಕಾಲಿನ ಮೇಲೆ ಹೊರಟಂತೆ ಕಾಣುತ್ತದೆ. ದೊಡ್ಡದು ಹಿಂದೆ ಬಂಡಿಗೆ ಏರುತ್ತಿತ್ತು, ಈಗ ಟ್ರ್ಯಾಕ್ಟರ್ ಟ್ರಾಲಿಗೆ.

ಹಾಯಿ ಏಕಿಲ್ಲ? ಇದಕ್ಕೆ ಗಾಳಿಯ ದಿಕ್ಕನ್ನೇ ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಹೊಳೆಯಲ್ಲಿ ನೀರಿರುವ ಕಾಲದಲ್ಲಿ, ಇಲ್ಲಿ ಬೀಸುವುದು ಪಶ್ಚಿಮ ಮತ್ತು ನೈಋತ್ಯದ ಗಾಳಿ. ಎರಡೂ ಹೊಳೆಗಳ ಹರಿವು ಹೆಚ್ಚೂಕಡಿಮೆ ಪೂರ್ವಕ್ಕೆ. ಅಂದರೆ ಗಾಳಿಯೂ ಪ್ರವಾಹವೂ ದೋಣಿಯನ್ನು ನೂಕುವುದು ಒಂದೇ ಕಡೆಗೆ, ಕೆಳಕ್ಕೆ. ಅಂಬಿಗನಿಗೆ ಬೇಕಾದದ್ದು ಅಡ್ಡ ದಾಟುವುದು. ಅಡ್ಡಗಾಳಿಯಲ್ಲಿ ಹಾಯಿದೋಣಿ ಜಾರದೆ ಸಾಗಬೇಕಾದರೆ ತಳದಿಂದ ನೀರಿಗೆ ಒಂದು ಹಲಗೆ ಇಳಿಬಿಡಬೇಕು. 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ ಆಪ್ಟಿಮಿಸ್ಟ್ ಎಂಬ ಪ್ಲೈವುಡ್ ದೋಣಿ ಉದ್ದದಲ್ಲಿ ಸುಮಾರು 2.3 ಮೀಟರು, ತೂಕದಲ್ಲಿ 35 ಕಿಲೋ. ಸಾಧಾರಣ ಹರಿಗೋಲಿನ ಅಡ್ಡಗಲವೂ ಹೆಚ್ಚೂಕಡಿಮೆ ಅಷ್ಟೇ. ಆದರೆ ಹಲಗೆ ಇಳಿಸಿದಾಗ ಆಪ್ಟಿಮಿಸ್ಟ್‌ಗೆ ಎರಡೂವರೆ ಅಡಿಗೂ ಹೆಚ್ಚು ಆಳದ ನೀರು ಬೇಕು. ದೇವದುರ್ಗದ ಕಡೆಯ ಕೃಷ್ಣೆಯಲ್ಲಾಗಲಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿ, ರಾಜೋಳಿಬಂಡೆಗಳ ಕಡೆಯ ತುಂಗಭದ್ರೆಯಲ್ಲಾಗಲಿ ನೀರಿನಡಿ ಹೆಬ್ಬಂಡೆಗಳಿವೆ. ಅಲ್ಲಿ ಆ ಹಲಗೆ ಮೊದಲ ತಾಕಿಗೇ ಮುರಿಯುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸಿದರೂ ಅಷ್ಟರಲ್ಲಿ ಹೊಳೆ ಇಳಿದು, ನೀರು ಬಂಡೆಗಳ ನಡುವಿನ ಮಡುಗಳಲ್ಲಿ ಹಂಚಿಹೋಗಿರುತ್ತದೆ. ಹರಿಗೋಲು ಬಂಡೆಗೆ ತಾಗಿದರೆ ಒಂದು ಸುತ್ತು ತಿರುಗಿ ಪಕ್ಕಕ್ಕೆ ಜಾರುತ್ತದೆ, ದಬ್ಬೆಗಳು ಬಾಗಿ ಮತ್ತೆ ಮೊದಲಿನಂತಾಗುತ್ತವೆ. ಪಾಯೆಸ್‌ಗೆ ವಿಚಿತ್ರವಾಗಿ ಕಂಡ ಆ ಸುತ್ತಾಟವೇ ಈ ಪಾತ್ರದಲ್ಲಿ ಅದರ ರಕ್ಷಣೆ.

ಹಾಯಿದೋಣಿ ಈ ಭಾಗಕ್ಕೆ ಸಲ್ಲದು ಎಂದು ನಾನು ಹೇಳುತ್ತಿಲ್ಲ. 378 ಚದರ ಕಿಲೋಮೀಟರಿನಷ್ಟು ಹರಡಿದ ತುಂಗಭದ್ರಾ ಜಲಾಶಯದಂಥ ಕಡೆ ಅದಕ್ಕೆ ಜಾಗವಿದೆ. ಅದಕ್ಕೆ ಮಾದರಿ ಬೇಕಿದ್ದರೆ 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ ಮಿರರ್ ದೋಣಿಯನ್ನು ನೋಡಬೇಕು: 3.3 ಮೀಟರ್ ಉದ್ದ, ಸುಮಾರು 45 ಕಿಲೋ ತೂಕ. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿನ ಮೇಲೆ ಗಾಜಿನೆಳೆಯ ಪಟ್ಟಿಯನ್ನು ರಾಳದಲ್ಲಿ ಅಂಟಿಸಿ, ಮನೆಯ ಶೆಡ್ಡಿನಲ್ಲೇ ಕಟ್ಟಬಹುದಾದ ದೋಣಿಯದು. ಹೊಲಿದು ದೋಣಿ ಕಟ್ಟುವುದು ನಮಗೇನೂ ಹೊಸದಲ್ಲ. ತೆಂಗಿನ ನಾರಿನಿಂದ ಹಲಗೆ ಹೊಲಿದು ಕಟ್ಟಿದ ಕೌಂಡಿನ್ಯ ನೌಕೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಪ್ಲೈವುಡ್ ದೋಣಿ ಬಿಸಿಲಿಗೆ ಬಾಯಿಬಿಡದು ಎಂಬುದೂ ನಿಜ. ಆದರೆ ಅದರ ರಾಳವೂ ಗಾಜಿನೆಳೆಯೂ ಹಳ್ಳಿಯ ದಡದಲ್ಲಿ ಸಿಗುವ ವಸ್ತುಗಳಲ್ಲ. ಈಚೆಗೆ ಬಂದಿರುವ ಫೈಬರ್ ಹರಿಗೋಲುಗಳದ್ದೂ ಇದೇ ಕಷ್ಟ: ಬಾಳಿಕೆ ಹೆಚ್ಚು, ಒಡೆದರೆ ಮಾತ್ರ ಡಾಂಬರಿನ ಡಬ್ಬಿಯಿಂದ ಪರಿಹಾರವಿಲ್ಲ.

ಹರಿಗೋಲನ್ನು ಹೊಗಳುತ್ತ ಅದರ ಅಪಾಯವನ್ನು ಮರೆಯುವಂತಿಲ್ಲ. 2020ರ ಆಗಸ್ಟಿನಲ್ಲಿ ರಾಯಚೂರು ತಾಲ್ಲೂಕಿನ ನಡುಗಡ್ಡೆ ಕುರ್ವಕುರ್ದಾದ ಬಳಿ, ತೆಲಂಗಾಣದ ದಡಕ್ಕೆ ದಾಟುವ ಹಾದಿಯಲ್ಲಿ ಹರಿಗೋಲೊಂದು ಮಗುಚಿ ಜನ ನೀರುಪಾಲಾದರು. ಇಂಥ ಸುದ್ದಿಗಳಲ್ಲಿ ದೋಣಿ ‘ಭಾರ ತಾಳದೆ’ ಮುಳುಗಿತು ಎಂದು ಬರೆಯುವುದು ರೂಢಿ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ತಳದ ಅಡ್ಡಗಲ 2.2 ಮೀಟರು, ಗೋಡೆಯ ಎತ್ತರ 60 ಸೆಂಟಿಮೀಟರು, ಸ್ವಂತ ತೂಕ 60 ಕಿಲೋ ಇರುವ ಹರಿಗೋಲನ್ನು ಊಹಿಸಿಕೊಳ್ಳಿ. ತಳದ ವಿಸ್ತೀರ್ಣ 3.8 ಚದರ ಮೀಟರು. ಅಂದರೆ ಪ್ರತಿ 38 ಕಿಲೋಗೆ ಅದು ಒಂದು ಸೆಂಟಿಮೀಟರು ಇಳಿಯುತ್ತದೆ. ತಲಾ 60 ಕಿಲೋದ ಆರು ಜನ ಕೂತರೆ 11 ಸೆಂಟಿಮೀಟರು, ಹನ್ನೆರಡು ಜನ ಕೂತರೆ ಸುಮಾರು 20. ಇನ್ನೂ 40 ಸೆಂಟಿಮೀಟರಿನಷ್ಟು ಗೋಡೆ ನೀರಿನ ಮೇಲಿರುತ್ತದೆ. ದಡದಲ್ಲಿ ನಿಂತು ನೋಡುವವರಿಗೆ ಇನ್ನಿಬ್ಬರು ಹಿಡಿಸಬಹುದು ಎನ್ನಿಸುವುದು ಇದರಿಂದಲೇ.

ಅಪಾಯ ಇರುವುದು ವಾಲುವಿಕೆಯಲ್ಲಿ. ಮಗುಚದಂತೆ ತಡೆಯುವ ಶಕ್ತಿಯನ್ನು ನೌಕಾಶಾಸ್ತ್ರದವರು ಮೆಟಾಸೆಂಟರ್ ಎಂಬ ಬಿಂದು ಗುರುತ್ವ ಕೇಂದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಅಳೆಯುತ್ತಾರೆ. ದೋಣಿಯ ಮತ್ತು ಕೂತವರ ಒಟ್ಟು ಗುರುತ್ವ ಕೇಂದ್ರ ತಳದಿಂದ 60 ಸೆಂಟಿಮೀಟರು ಮೇಲಿದೆ ಎಂದು ಹಿಡಿದರೆ, ಆರು ಜನರಿರುವಾಗ ಈ ಎತ್ತರ ಸುಮಾರು 2.2 ಮೀಟರು. ಹನ್ನೆರಡು ಜನರಾದಾಗ ಒಂದು ಮೀಟರಿಗೆ ಇಳಿಯುತ್ತದೆ. ಈಗ ಎಲ್ಲರೂ ಹೆದರಿ ಒಂದೇ ಬದಿಗೆ 60 ಸೆಂಟಿಮೀಟರು ಸರಿದರು ಎನ್ನಿ. ಆರು ಜನರ ಹರಿಗೋಲು 13 ಡಿಗ್ರಿ ವಾಲುತ್ತದೆ, ಅಂಚು ಇನ್ನೂ ನೀರಿನ ಮೇಲೆಯೇ ಇರುತ್ತದೆ. ಹನ್ನೆರಡು ಜನರದ್ದು 30 ಡಿಗ್ರಿ ಮುಟ್ಟುವ ಹೊತ್ತಿಗೆ ಅಂಚು ಮುಳುಗಿ ನೀರು ಒಳನುಗ್ಗುತ್ತದೆ. ಜನ ಎರಡು ಪಟ್ಟಾದರೆ ಈ ಎತ್ತರ ಅರ್ಧಕ್ಕೂ ಕಡಿಮೆಯಾಗುತ್ತದೆ, ಗಾಬರಿಯ ತಳ್ಳಾಟ ಎರಡು ಪಟ್ಟಾಗುತ್ತದೆ. ಎದ್ದು ನಿಂತರಂತೂ ಗುರುತ್ವ ಕೇಂದ್ರ ಮೇಲೇರಿ ಸ್ಥಿತಿ ಮತ್ತಷ್ಟು ಕೆಡುತ್ತದೆ. ಕೂತುಕೊಳ್ಳಿ, ಅಲ್ಲಾಡಬೇಡಿ ಎಂದು ಅಂಬಿಗ ಗದರಿಸುವುದರ ಹಿಂದೆ ಇಷ್ಟು ಗಣಿತವಿದೆ.

ಸೇತುವೆಗಳಾದರೆ ಈ ಮಾತೆಲ್ಲ ಏಕೆ ಎಂದು ಕೇಳಬಹುದು. ದೇವಸೂಗೂರಿನ ಬಳಿ ಕೃಷ್ಣೆಗೆ ನಿಜಾಮರ ಕಾಲದ ಸೇತುವೆ 1943ರಲ್ಲೇ ಮುಗಿಯಿತು. ಆದರೂ ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯ ಮೇಲೆ ಸಂಚಾರ ನಿಲ್ಲುತ್ತದೆ. ನಡುಗಡ್ಡೆಯ ಜನರಿಗೆ ಹೊಳೆ ದಾಟುವುದು ನಿತ್ಯದ ಕೆಲಸ. 1917ರ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆ ಕಾಯ್ದೆಯಡಿಯ ದಾಖಲಾತಿಗಿಂತ ಮೊದಲು ಮಾಡಬಹುದಾದ ಒಂದು ಅಗ್ಗದ ಕೆಲಸವಿದೆ. ಪ್ರತಿ ಹರಿಗೋಲಿನ ತಳದ ಅಡ್ಡಗಲ ಅಳೆದು, ಆರೇಳು ಜನರ ಭಾರಕ್ಕೆ ಅದು ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕಿ, ಹೊರಗಿನ ಕಪ್ಪು ಡಾಂಬರಿನ ಮೇಲೆ ಆ ಮಟ್ಟಕ್ಕೆ ಸುತ್ತಲೂ ಬಿಳಿ ಬಣ್ಣದ ಗೆರೆ ಎಳೆಯುವುದು. ಮೇಲಿನ ಅಳತೆಯ ಹರಿಗೋಲಿಗೆ ಆ ಗೆರೆ ತಳದಿಂದ 12 ಸೆಂಟಿಮೀಟರು ಎತ್ತರದಲ್ಲಿ ಬರುತ್ತದೆ. ಹೊದಿಕೆ ಬದಲಿಸಿದಾಗಲೆಲ್ಲ ಮತ್ತೆ ಎಳೆಯಬೇಕಾಗುತ್ತದೆ; ಡಾಂಬರು ಬಳಿಯುವ ಕೈಗೆ ಅದೇನೂ ಹೆಚ್ಚಿನ ಹೊರೆಯಲ್ಲ.