ಹಂಡೆ ಒಲೆ ಕಾಯ್ತಿದ್ದೋರು ಯಾರು, ಈಗ ಕಾಯೋರು ಯಾರು

ಹೋದ ವರ್ಷ ಧನುರ್ಮಾಸದ ಚಳೀಲಿ ನಮ್ಮನೆ ಗ್ಯಾಸ್ ಗೀಸರ್ ಕೈ ಕೊಡ್ತು. ನಲ್ಲಿ ತಿರುಗಿಸಿದ್ರೆ ಟಕಟಕ ಅಂತ ಕಿಡಿ ಹಾರೋದು, ನೀಲಿ ಉರಿ ಹತ್ಕೊಳ್ಳೋದು, ಐದಾರು ಎಣಿಸೋದ್ರೊಳಗೆ ಪುಸ್ಸಂತ ಆರೋಗೋದು. ಹೊಸ ಸೆಲ್ಲು ಹಾಕಿದ್ದಾಯ್ತು, ಸಿಲಿಂಡರ್ ಬದಲಾಯಿಸಿದ್ದಾಯ್ತು, ಊಹೂಂ. ರಿಪೇರಿ ಹುಡುಗ ಬಂದು ಮುಚ್ಚಳ ಬಿಚ್ಚಿ, ಅಂಗೈಯಗಲದ ಒಂದು ಹಸಿರು ಬೋರ್ಡ್ ತೋರಿಸಿದ. "ಆಂಟಿ, ಇದು ಹೋಗಿದೆ. ಹೊಸ ಗೀಸರ್ ತಗೊಂಡ್ಬಿಡಿ. ಇಲ್ಲಾಂದ್ರೆ ಉರಿ ಐತೋ ಇಲ್ವೋ ಅಂತ ನೋಡೋ ಈ ಕಡ್ಡೀನ ತೆಗೆದಾಕಿ, ಗ್ಯಾಸು ನಿಲ್ಲದೇ ಇರೋ ಹಂಗೆ ವೈರ್ ಕೊಟ್ಬಿಡ್ತೀನಿ, ನೂರೈವತ್ತು ರೂಪಾಯಿ ಕೊಡಿ ಸಾಕು" ಅಂದ.

ನೂರೈವತ್ತು ಅಂದಾಗ ಆಸೆ ಆಗ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಉರಿ ಆರಿದ್ಮೇಲೂ ಗ್ಯಾಸು ಬರ್ತಾನೇ ಇದ್ರೆ ಏನಪ್ಪಾ ಗತಿ ಅಂತ ಕೇಳ್ದೆ. "ನೀವು ನೋಡ್ಕೊಂಡಿರ್ಬೇಕು ಅಷ್ಟೇ" ಅಂದ. ಆ ಮಾತು ಕೇಳಿ ನನಗೆ ನಮ್ಮಜ್ಜಿ ನೆನಪಾದ್ಲು. ಬಚ್ಚಲು ಒಲೆ ಮುಂದೆ ಕೂತು ನೋಡ್ಕೊಳ್ಳೋದೇ ಅವಳ ಬೆಳಗಿನ ಕೆಲಸವಾಗಿತ್ತು.

ನನ್ನ ತವರು ನೆಲಮಂಗಲದ ಕಡೆ. ಬಚ್ಚಲಲ್ಲಿ ಮಣ್ಣಿನ ಒಲೆ, ಅದರ ಮೇಲೆ ಕೂರಿಸಿದ ತಾಮ್ರದ ಹಂಡೆ. ಕೋಳಿ ಕೂಗೋ ಹೊತ್ಗೆ ಅಜ್ಜಿ ಎದ್ದು ತೆಂಗಿನ ಮಟ್ಟೆ, ಗರಿ, ಕರಟ ಒಟ್ಟಿ ಉರಿ ಹಾಕೋಳು. ಉರಿ ಜಾಸ್ತಿ ಆದ್ರೆ ಸೌದೆ ಹಿಂದಕ್ಕೆಳೆಯೋಳು, ಕಮ್ಮಿ ಆದ್ರೆ ಊದುಗೊಳವೆ ಹಿಡಿಯೋಳು. ಹಂಡೇಲಿ ನೀರು ತಳ ಕಂಡ್ರೆ ಹಂಡೆ ಸೀದೋಗುತ್ತೆ ಅಂತ ನಮ್ಮನ್ನ ಗದರಿ ಬಿಂದಿಗೆ ತರ್ಸೋಳು. ಹೊಗೆ ಕಟ್ಕೊಂಡ್ರೆ ಬಾಗಿಲು ತೆಗೆಸೋಳು. ಮಕ್ಕಳು ಸ್ನಾನಕ್ಕೆ ಹೋಗಿ ತಡ ಆದ್ರೆ "ಏನ್ ಮಾಡ್ತಿದೀಯೇ ಒಳಗೆ?" ಅಂತ ಕೂಗೋಳು. ಉರಿ, ನೀರು, ಹೊಗೆ, ಮನುಷ್ಯರು, ನಾಲ್ಕರ ಮೇಲೂ ಅವಳೊಬ್ಬಳದೇ ಕಣ್ಣು. ದೀಪಾವಳಿಗೆ ಮುಂಚಿನ ನೀರು ತುಂಬೋ ಹಬ್ಬದ ದಿನ ಹಂಡೇನ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿ, ಕೊರಳಿಗೆ ಬಳ್ಳಿ ಸುತ್ತಿ, ಅರಿಶಿನ ಕುಂಕುಮ ಇಟ್ಟು, ಹೊಸ ನೀರು ತುಂಬಿಸ್ತಿದ್ವಿ. ಹಂಡೆಗೆ ಪೂಜೆ ನಡೀತಿತ್ತು. ಅದನ್ನ ಕಾಯೋಳ ಕಣ್ಣು ಹೊಗೇಲಿ ಕೆಂಪಗಾಗಿದ್ದನ್ನ ಮಾತ್ರ ಯಾರೂ ಕೇಳ್ತಿರಲಿಲ್ಲ.

ಬೆಂಗಳೂರಿಗೆ ಕರೆಂಟು ಬಂದಿದ್ದು 1905ರ ಆಗಸ್ಟಲ್ಲಿ. ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ತೆಗೆದ ವಿದ್ಯುತ್ತು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯ್ತು, ಆಮೇಲೆ ಬೆಂಗಳೂರಿನ ಬೀದಿ ದೀಪಕ್ಕೆ. ದೀಪ ಬಂತು ಅಂತ ಬಚ್ಚಲಿಗೆ ಬಿಸಿನೀರು ಬರಲಿಲ್ಲ ಕಣ್ರೇ. ನಾನು ಮದುವೆಯಾಗಿ ನಾಗಸಂದ್ರಕ್ಕೆ ಬಂದಾಗ್ಲೂ ಅತ್ತೆ ಮನೇಲಿ ತಾಮ್ರದ ಬಾಯ್ಲರ್ ಇತ್ತು. ನಡುವೆ ಕೊಳವೆ, ಅದರೊಳಗೆ ಇದ್ದಲು, ಸುತ್ತ ನೀರು. ಆಮೇಲೆ ಬಕೆಟ್ಟಿಗೆ ಬಿಡೋ ಕಾಯಿಲ್ ಬಂತು. ಸ್ವಿಚ್ ಆಫ್ ಮಾಡದೆ ಯಾರಾದ್ರೂ ಕೈ ಅದ್ದಿಬಿಟ್ರೆ ಅಂತ ನಮ್ಮತ್ತೆ ಬಚ್ಚಲು ಬಾಗಿಲಲ್ಲೇ ನಿಂತಿರೋರು. ಸೌದೆ ಹೋಯ್ತು, ಹೊಗೆ ಹೋಯ್ತು, ಕಾವಲು ಮಾತ್ರ ಹೆಂಗಸರ ಪಾಲಿಗೇ ಉಳೀತು.

ಗೀಸರ್ ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತಾ? ಐಸ್‌ಲ್ಯಾಂಡ್ ಅನ್ನೋ ಹಿಮದ ದೇಶದಲ್ಲಿ ನೆಲದೊಳಗಿಂದ ಕುದಿಯೋ ನೀರು ಚಿಮ್ಮೋ ಒಂದು ಬುಗ್ಗೆ ಇದೆ, ಅದರ ಹೆಸರು ಗೇಸಿರ್. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಅನ್ನೋರು ಗ್ಯಾಸ್ ಉರಿಯಿಂದ ನಲ್ಲಿ ನೀರನ್ನ ಆ ಕ್ಷಣದಲ್ಲೇ ಕಾಯಿಸೋ ಯಂತ್ರ ಮಾಡಿ ಅದಕ್ಕೆ ಆ ಹೆಸರಿಟ್ರು. ಆ ಮೊದಲ ಗೀಸರಿಗೆ ಹೊಗೆ ಹೊರಗೆ ಹೋಗೋಕೆ ಕೊಳವೇನೇ ಇರಲಿಲ್ಲ. ಸುಟ್ಟ ಗಾಳಿಯೆಲ್ಲ ಸ್ನಾನದ ಮನೆಯೊಳಗೇ. 1889ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದ ಎಡ್ವಿನ್ ರೂಡ್ ಅನ್ನೋ ನಾರ್ವೆ ಮೂಲದ ಇಂಜಿನಿಯರು ತಾನಾಗೇ ನೀರು ಕಾಯಿಸಿಡೋ ಹೀಟರ್ ಮಾಡಿದ್ರು. ಅಲ್ಲಿಂದ ಕಾಯೋ ಕೆಲಸ ಮನುಷ್ಯರ ಕೈಯಿಂದ ಯಂತ್ರದ ಕೈಗೆ ಹೋಗೋಕೆ ಶುರುವಾಯ್ತು.

ಚಳಿ ದೇಶದೋರಿಗೆ ನೀರಿಗಿಂತ ಮನೆ ಕಾಯಿಸೋದೇ ದೊಡ್ಡ ತಾಪತ್ರಯ. ನನ್ನ ತಂಗಿ ಮಗಳು ಮಿನಿಯಾಪೊಲಿಸಲ್ಲಿದ್ದಾಳೆ. ಅವಳ ಮನೆ ನೆಲಮಾಳಿಗೇಲಿ ಫರ್ನೆಸ್ ಅಂತ ಬೀರುವಿನಷ್ಟು ದೊಡ್ಡ ಒಲೆ ಇದೆ. ಗ್ಯಾಸಲ್ಲಿ ಗಾಳಿ ಕಾಯಿಸಿ, ಫ್ಯಾನಲ್ಲಿ ಊದಿ, ಎಲ್ಲಾ ರೂಮಿಗೂ ಕಳಿಸುತ್ತೆ. ಹಿಂದೆ ಅದೇ ಒಲೆಗೆ ಕಲ್ಲಿದ್ದಲು ಹಾಕ್ತಿದ್ರಂತೆ. ಕೆಳಗಿಳಿದು ಹೋಗಿ ಗಾಳಿ ಬಾಗಿಲು ತೆರೆದು ಮುಚ್ಚಿ ಉರಿ ಹದ ಮಾಡ್ಬೇಕಿತ್ತು, ನಮ್ಮಜ್ಜಿ ಸೌದೆ ಹಿಂದೆ ಮುಂದೆ ಮಾಡ್ತಿದ್ಲಲ್ಲ, ಹಂಗೇ. 1885ರಲ್ಲಿ ಅದೇ ಮಿನಿಯಾಪೊಲಿಸಲ್ಲಿ ಆಲ್ಬರ್ಟ್ ಬಟ್ಜ್ ಅನ್ನೋರು ಒಂದು ಉಪಾಯ ಮಾಡಿದ್ರು. ರೂಮು ತಣ್ಣಗಾದ್ರೆ ಸ್ವಿಚ್ಚು ಸೇರುತ್ತೆ, ಮೋಟಾರ್ ತಿರುಗಿ ಸರಪಳಿ ಎಳೆದು ಒಲೆಯ ಗಾಳಿ ಬಾಗಿಲು ಎತ್ತುತ್ತೆ, ಉರಿ ಏರುತ್ತೆ. ಬೆಚ್ಚಗಾದ್ರೆ ಬಾಗಿಲು ಮುಚ್ಚುತ್ತೆ. ಈಗಿನ ಹಸಿರು ಬೋರ್ಡಿನ ಮುತ್ತಜ್ಜ ಅಂದ್ರೆ ಆ ಸರಪಳಿ.

ಬಿಸಿ ತಣ್ಣಗೆ ಅನ್ನೋದನ್ನ ಯಂತ್ರಕ್ಕೆ ಹೇಳಿಕೊಟ್ಟಂಗಾಯ್ತು. ಉರಿ ಇದೆಯೋ ಆರಿದೆಯೋ ಅಂತ ಹೇಳಿಕೊಡೋದು ಹೆಂಗೆ? 1821ರಲ್ಲಿ ಬರ್ಲಿನ್ನಿನ ಸೀಬೆಕ್ ಅನ್ನೋ ವಿಜ್ಞಾನಿ ಎರಡು ಬೇರೆ ಬೇರೆ ಲೋಹ ಜೋಡಿಸಿ, ಜೋಡಿಸಿದ ಜಾಗ ಬಿಸಿ ಮಾಡಿದಾಗ ಪಕ್ಕದಲ್ಲಿದ್ದ ದಿಕ್ಸೂಚಿ ಮುಳ್ಳು ಅಲ್ಲಾಡಿತು. ಬಿಸಿಯಿಂದಲೇ ಚೂರು ಕರೆಂಟು ಹುಟ್ಟಿತ್ತು. ಆ ಚೂರು ಕರೆಂಟಿಂದಲೇ ಆಮೇಲೆ ಗ್ಯಾಸ್ ಬಾಗಿಲು ಹಿಡಿದಿಡೋ ಹಂಗೆ ಮಾಡಿದ್ರು. ಉರಿ ಇರೋವರೆಗೂ ಬಾಗಿಲು ತೆರೆದಿರುತ್ತೆ, ಆರಿದ್ರೆ ಕರೆಂಟು ಹೋಗಿ ಮುಚ್ಕೊಳ್ಳುತ್ತೆ. ಈಗಿನ ಎಷ್ಟೋ ಗೀಸರಲ್ಲಿ, ತಂಗಿ ಮಗಳ ಫರ್ನೆಸಲ್ಲೂ, ಇರೋದು ಇನ್ನೊಂದು ಉಪಾಯ. ಉರಿಯೊಳಗೆ ಚೂರು ಕರೆಂಟು ಹರಿಯುತ್ತೆ. ಉರಿಗೆ ತಗಲೋ ಹಂಗೆ ಒಂದು ಕಡ್ಡಿ ಇಟ್ಟಿರ್ತಾರೆ. ಕರೆಂಟು ಹರಿದ್ರೆ ಬೋರ್ಡಿಗೆ ಉರಿ ಇದೆ ಅಂತ ಗೊತ್ತಾಗುತ್ತೆ. ಇಲ್ಲಾಂದ್ರೆ ಕೆಲವೇ ಸೆಕೆಂಡಲ್ಲಿ ಗ್ಯಾಸು ನಿಲ್ಲಿಸುತ್ತೆ. ನಲ್ಲಿ ತಿರುಗಿಸಿದ್ದು ನೋಡೋದು, ಕಿಡಿ ಹಾರಿಸೋದು, ಗ್ಯಾಸು ಬಿಡೋದು, ಉರಿ ನೋಡೋದು, ಎಲ್ಲಾ ಆ ಅಂಗೈಯಗಲದ ಬೋರ್ಡಿನದೇ ಕೆಲಸ.

ಫೋನಲ್ಲಿ ತಂಗಿ ಮಗಳಿಗೆ ನಮ್ಮ ಗೀಸರ್ ಕಥೆ ಹೇಳಿದ್ರೆ ಅವಳು ನಕ್ಕಳು. "ದೊಡ್ಡಮ್ಮ, ಹೋದ ಜನವರೀಲಿ ನಮ್ಮ ಫರ್ನೆಸ್ಸೂ ಹಿಂಗೇ ಮಾಡ್ತು. ಹೊರಗೆ ಮೈನಸ್ ಇಪ್ಪತ್ತು. ಬೋರ್ಡಿನ ಮೇಲೆ ಒಂದು ಸಣ್ಣ ದೀಪ ಮಿಣುಕುತ್ತೆ, ಎಷ್ಟು ಸಲ ಮಿಣುಕ್ತು ಅಂತ ಎಣಿಸಿದ್ರೆ ಯಾವ ತೊಂದರೆ ಅಂತ ಗೊತ್ತಾಗುತ್ತೆ. ಮೊದಲು ಉರಿ ನೋಡೋ ಕಡ್ಡಿ ಒರೆಸಿದ್ರು, ಸರಿ ಹೋಗಲಿಲ್ಲ. ಆಮೇಲೆ ಬೋರ್ಡೇ ಬದಲಾಯಿಸಿದ್ರು. ಅದು ಬರೋವರೆಗೂ ಎರಡು ರಾತ್ರಿ ಮಕ್ಕಳಿಗೆ ಮೂರು ಮೂರು ಸ್ವೆಟರ್" ಅಂದ್ಲು.

ನಮ್ಮದನ್ನ ನೋಡಿದ್ದು ನನ್ನ ಮೈದುನನ ಮಗಳು. ಪೀಣ್ಯದ ಒಂದು ಕಾರ್ಖಾನೇಲಿ ಬೋರ್ಡಿಗೆ ಬೆಸುಗೆ ಹಾಕೋ ಕೆಲಸ ಅವಳದು. ಮೊದಲು ರೆಗ್ಯುಲೇಟರ್ ತೆಗೆಸಿ, ಸೆಲ್ಲು ತೆಗೆದು, ಆಮೇಲೆ ಕೈ ಹಾಕಿದ್ಲು. ಕಡ್ಡಿ ಮೇಲೆ ಬಿಳೀ ಕಿಟ್ಟ ಕಟ್ಟಿತ್ತು. ನಯವಾದ ಉಪ್ಪು ಕಾಗದದಲ್ಲಿ ಉಜ್ಜಿದ್ಲು. ಒಂದು ದಿನ ಸರಿ ಹೋಯ್ತು, ಮಾರನೇ ದಿನ ಮತ್ತೆ ಅದೇ ರಾಗ. ಬೋರ್ಡ್ ಬಿಚ್ಚಿ ನೋಡಿದ್ರೆ ಬಚ್ಚಲು ಹಬೆಗೆ ತಾಮ್ರದ ಗೆರೆಗಳೆಲ್ಲ ಕಿಲುಬು ಹಿಡಿದಿದ್ವು. "ಬೆಸುಗೆ ಬಿಟ್ಟಿದ್ರೆ ಹಾಕ್ಕೊಡ್ತಿದ್ದೆ ದೊಡ್ಡಮ್ಮ. ಗೆರೇನೇ ತಿಂದೋಗಿದೆ. ರೇಡಿಯೋ ಆಗಿದ್ರೆ ತೇಪೆ ಹಾಕ್ಬೋದಿತ್ತು, ಗ್ಯಾಸು ಕಾಯೋ ಬೋರ್ಡಿಗೆ ತೇಪೆ ಬೇಡ" ಅಂದ್ಲು.

ಶನಿವಾರ ಇಬ್ರೂ ಹಳೇ ಬೋರ್ಡ್ ಕೈಚೀಲದಲ್ಲಿ ಹಾಕ್ಕೊಂಡು ಮೆಟ್ರೋ ಹತ್ತಿದ್ವಿ. ನಾಗಸಂದ್ರಕ್ಕೆ ಮೆಟ್ರೋ ಬಂದಿದ್ದು 2015ರ ಮೇ 1ಕ್ಕೆ, ಚಿಕ್ಕಪೇಟೆಗೆ 2017ರ ಜೂನಲ್ಲಿ. ಈಗ ಒಂದೇ ರೈಲಲ್ಲಿ ಕೂತ್ರೆ ಎಸ್.ಪಿ. ರೋಡಿನ ಹತ್ರಾನೇ ಇಳೀಬಹುದು. ಎಸ್.ಪಿ. ರೋಡ್ ಅಂದ್ರೆ ಸಾದರ ಪತ್ರಪ್ಪ ರಸ್ತೆ. ಬೀಗದ ಗಾತ್ರದ ಅಂಗಡಿಗಳಲ್ಲೂ ಸಿಗದೇ ಇರೋ ಬಿಡಿಭಾಗ ಇಲ್ಲ. ನಾಲ್ಕನೇ ಅಂಗಡೀಲಿ ಅದೇ ನಮೂನೆ, ಅಷ್ಟೇ ವೋಲ್ಟು, ಅವೇ ಪಿನ್ನುಗಳ ಬೋರ್ಡ್ ಸಿಕ್ತು. 450 ರೂಪಾಯಿ.

ಹೊಸ ಬೋರ್ಡ್ ಕೂರಿಸಿ, ಪೈಪಿನ ಜೋಡಣೆಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿದ್ಲು. ನೀರು ಬಿಸಿ ಬಂತು. ನಾನು ಖುಷಿಯಾಗಿ ಕಾಫಿಗೆ ಇಡೋಕೆ ಹೋದ್ರೆ "ಇರಿ, ಇನ್ನೊಂದಿದೆ" ಅಂತ ಉರಿ ನೋಡೋ ಕಡ್ಡಿಯ ವೈರನ್ನ ಬೇಕಂತಲೇ ಬಿಡಿಸಿ ನಲ್ಲಿ ತಿರುಗಿಸಿದ್ಲು. ಕಿಡಿ ಹಾರ್ತು, ಉರಿ ಹತ್ತಿ, ತಕ್ಷಣ ಆರಿ ಗ್ಯಾಸು ನಿಂತೋಯ್ತು. "ಈಗ ಕಾವಲುಗಾರ ಎದ್ದಿದ್ದಾನೆ" ಅಂತ ವೈರ್ ಸೇರಿಸಿ ಮುಚ್ಚಳ ಹಾಕಿದ್ಲು. ಆ ಹುಡುಗ ನೂರೈವತ್ತು ರೂಪಾಯಿಗೆ ತೆಗೆದಾಕ್ತೀನಿ ಅಂದಿದ್ದು ಈ ಕಾವಲುಗಾರನ್ನೇ.

ಇಷ್ಟೇ ಆಗಿದ್ರೆ ಬರೀತಿರಲಿಲ್ಲ. ಕೆಲವು ವರ್ಷದ ಹಿಂದೆ ನನ್ನ ನಾದಿನಿ ಮಗಳು ಸ್ನಾನಕ್ಕೆ ಹೋದೋಳು ಎಷ್ಟೊತ್ತಾದ್ರೂ ಬರಲಿಲ್ಲ. ಬಾಗಿಲು ಒಡೆದು ನೋಡಿದ್ರೆ ಪ್ರಜ್ಞೆ ಇಲ್ಲದೆ ಬಿದ್ದಿದ್ಲು. ಗ್ಯಾಸ್ ಗೀಸರ್ ಬಚ್ಚಲೊಳಗೇ ಇತ್ತು, ಚಳಿ ಅಂತ ಕಿಟಕಿ ಮುಚ್ಚಿದ್ರು. ದೇವರು ದೊಡ್ಡೋನು, ಉಳ್ಕೊಂಡ್ಲು. ಉರಿಗೆ ಗಾಳಿ ಸಾಲದೇ ಹೋದ್ರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅವತ್ತು ಅವರ ಗೀಸರಿನ ಬೋರ್ಡು ಸರಿಯಾಗೇ ಇತ್ತು, ಉರಿ ಚೆನ್ನಾಗೇ ಉರೀತಿತ್ತು. ಬೋರ್ಡು ಕಾಯೋದು ಉರೀನ. ಒಳಗಿರೋ ಮಗೂನ ಅಲ್ಲ.

ಅಜ್ಜಿ ಕಾಯ್ತಿದ್ದ ನಾಲ್ಕರಲ್ಲಿ ಉರಿ ನೀರು ಎರಡನ್ನ ಯಂತ್ರ ವಹಿಸಿಕೊಂಡಿದೆ. ಹೊಗೆ ಮತ್ತೆ ಮನುಷ್ಯರು ನಮ್ಮ ಪಾಲಿಗೇ ಉಳಿದಿವೆ. ನಮ್ಮ ಗೀಸರ್ ಈಗ ಬಚ್ಚಲಿನ ಹೊರಗೆ, ಬಟ್ಟೆ ಒಗೆಯೋ ಜಾಗದಲ್ಲಿ, ಗಾಳಿ ಆಡೋ ಕಡೆ ಇದೆ. ನಿಮ್ಮನೇಲಿ ಒಳಗಿದ್ರೆ ಸರಿಯಾದೋರನ್ನ ಕರೆಸಿ ಹೊರಗೆ ಹಾಕಿಸಿ. ಅಲ್ಲೀವರೆಗೂ ನೀರು ಹೊರಗೆ ಬಕೆಟ್ಟಿಗೆ ಹಿಡಿದುಕೊಂಡು, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಬೋರ್ಡ್ ಕೆಟ್ರೆ ರಿಪೇರಿ ಮಾಡಿಸಿ, ಆಗದಿದ್ರೆ ಬದಲಾಯಿಸಿ. ಕಡ್ಡಿ ತೆಗೆದಾಕ್ತೀನಿ ಅಂದೋರಿಗೆ ಮಾತ್ರ ಕಾಫಿ ಕೊಟ್ಟು ಕಳಿಸ್ಬಿಡಿ.

ಈ ಸಲ ನೀರು ತುಂಬೋ ಹಬ್ಬಕ್ಕೆ ಅಟ್ಟದ ಮೇಲಿನ ಹಂಡೆ ಇಳಿಸಿ ತಿಕ್ಕಿ ಪೂಜೆ ಮಾಡ್ದೆ. ಗೀಸರಿಗೂ ಕುಂಕುಮ ಇಟ್ಟೆ. ಆಮೇಲೆ ಮೊಮ್ಮಗಳು ಸ್ನಾನಕ್ಕೆ ಹೋದಾಗ ಬಾಗಿಲ ಹತ್ರ ನಿಂತು ಕೂಗ್ದೆ, "ಏನ್ ಮಾಡ್ತಿದೀಯೇ ಒಳಗೆ?"