ಲಾಲ್‌ಬಾಗಿನ ನೀರು ಎಲ್ಲಿಗೆ ಹೋಗುತ್ತದೆ?

ಲಾಲ್‌ಬಾಗನ್ನು ನೀವು ನೋಡಿಯೇ ಇರುತ್ತೀರಿ. ಶಾಲೆಯ ಪ್ರವಾಸದಲ್ಲೋ, ಆಗಸ್ಟ್ ಇಲ್ಲವೇ ಜನವರಿಯ ಫಲಪುಷ್ಪ ಪ್ರದರ್ಶನಕ್ಕೋ ಹೋಗಿರುತ್ತೀರಿ. ಗಾಜಿನ ಮನೆಯನ್ನು ಸುತ್ತಿ, ಬಂಡೆ ಹತ್ತಿ, ಕೆರೆಯ ದಂಡೆಯಲ್ಲಿ ಕುಳಿತು ಕಡಲೆಕಾಯಿ ತಿಂದು ಮನೆಗೆ ಮರಳಿರುತ್ತೀರಿ. ಆದರೆ ಆ ಕೆರೆ ತುಂಬಿದಾಗ ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸಿದ್ದೀರಾ?

ಕೆಲವು ವರ್ಷಗಳ ಹಿಂದೆ ಭೌತವಿಜ್ಞಾನದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಇದೇ ಪ್ರಶ್ನೆ ಕೇಳಿದೆ. ಎಲ್ಲರೂ ಸುಮ್ಮನಿದ್ದರು. ಹಿಂದೆ ನಿಂತಿದ್ದ ಹುಡುಗನೊಬ್ಬ, "ನಮ್ಮೂರಿಗೇ ಬರುತ್ತೆ ಸಾರ್" ಎಂದ. "ನಿಮ್ಮೂರು ಯಾವುದಪ್ಪ?" ಎಂದೆ. "ವರ್ತೂರು ಸಾರ್. ನಮ್ಮ ತಾತ ಕೆರೆ ನೀರಲ್ಲಿ ಭತ್ತ ಬೆಳೀತಿದ್ದರು. ನಾನು ನೋಡಿದ್ದು ಬರೀ ನೊರೆ" ಎಂದ.

ಅವನ ಉತ್ತರ ಸರಿಯಾಗಿತ್ತು. ಲಾಲ್‌ಬಾಗಿನ ಬಂಡೆಯಿಂದ ವೈಟ್‌ಫೀಲ್ಡ್ ಪಕ್ಕದ ವರ್ತೂರಿನವರೆಗೆ ನೀರು ಹಿಡಿಯುವ ದಾರಿಯಲ್ಲಿ ನಾವೂ ಒಮ್ಮೆ ಹೋಗಿ ಬರೋಣ. ಈ ನಗರದ ಇತಿಹಾಸದ ಒಂದು ಮುಖ್ಯ ಅಧ್ಯಾಯ ಆ ದಾರಿಯಲ್ಲಿದೆ.

ಬಂಡೆಯಿಂದ ಆರಂಭ

ಮೊದಲು ಬಂಡೆಯನ್ನು ನೋಡಿ. ಇದು ಪೆನಿನ್ಸುಲರ್ ನೈಸ್ ಎಂಬ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಬಳಕೆಗೆ ತಂದ ಹೆಸರಿದು. ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಂಡೆಯ ನೆತ್ತಿಯ ಮೇಲಿರುವ ಪುಟ್ಟ ಗೋಪುರ ಕೆಂಪೇಗೌಡರ ಹೆಸರಿನದು. ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇಂಥವೇ ಇನ್ನೂ ಮೂರು ಗೋಪುರಗಳಿವೆ. ನಾಲ್ಕು ಗೋಪುರಗಳ ಪೈಕಿ ಎರಡು ಕೆರೆಯ ಮಗ್ಗುಲಲ್ಲೇ ಇವೆ ಎಂಬುದನ್ನು ಗಮನಿಸಿ.

ಉದ್ಯಾನದ ಕಥೆ ನಿಮಗೆ ಗೊತ್ತಿರುವುದೇ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟವನ್ನು ಟಿಪ್ಪು ಬೆಳೆಸಿದ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಇಂದು ಉದ್ಯಾನದ ವಿಸ್ತಾರ 240 ಎಕರೆ.

ಈ ಸ್ಮಾರಕಗಳಲ್ಲೆಲ್ಲ ಬಂಡೆಯೇ ಹಿರಿಯದು. ಕೆರೆಗಳೇಕೆ ಹುಟ್ಟಿದವು ಎಂಬುದಕ್ಕೂ ಅದರಲ್ಲೇ ಉತ್ತರವಿದೆ. ನೈಸ್ ಗಟ್ಟಿಯಾದ ಹರಳು ಶಿಲೆ. ಮರಳುಗಲ್ಲಿನಂತೆ ತನ್ನ ಮೈಯಲ್ಲಿ ನೀರನ್ನು ಹಿಡಿದಿಡಲಾರದು. ಬಿರುಕುಗಳಲ್ಲಿ, ಮೇಲಿನ ಶಿಥಿಲ ಪದರದಲ್ಲಿ ಮಾತ್ರ ಅಷ್ಟಿಷ್ಟು ನೀರು ನಿಲ್ಲುತ್ತದೆ. ಬೆಂಗಳೂರು ನಗರದೊಳಗೆ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ವರ್ಷಕ್ಕೆ ಸುಮಾರು 900ರಿಂದ 1,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದೂ ಕೆಲವೇ ತಿಂಗಳುಗಳಲ್ಲಿ. ಬಿದ್ದ ನೀರನ್ನು ತಡೆದು ನಿಲ್ಲಿಸದೆ ಇಲ್ಲಿ ಬೇಸಾಯವೂ ಇಲ್ಲ, ಊರೂ ಇಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. 240 ಎಕರೆ ಎಂದರೆ ಸುಮಾರು 9,70,000 ಚದರ ಮೀಟರ್. ಅದರ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 9,700 ಘನ ಮೀಟರ್, ಅಂದರೆ 97 ಲಕ್ಷ ಲೀಟರ್ ನೀರು! ಉದ್ಯಾನದಲ್ಲಿ ಇದರ ಹೆಚ್ಚಿನ ಪಾಲು ಮಣ್ಣಿಗೆ ಇಂಗುತ್ತದೆ. ಅಷ್ಟೇ ವಿಸ್ತಾರಕ್ಕೆ ಕಾಂಕ್ರೀಟು ಹಾಸಿದರೆ ಹೆಚ್ಚಿನ ಪಾಲು ಇಳಿಜಾರು ಹಿಡಿದು ಓಡುತ್ತದೆ.

ಕೆರೆ ಕಟ್ಟಿದವರ ಭೌತವಿಜ್ಞಾನ

ಬೆಂಗಳೂರಿನ ನಡುವೆ ಉತ್ತರ-ದಕ್ಷಿಣವಾಗಿ ಒಂದು ದಿಣ್ಣೆ ಹಾದುಹೋಗಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ ಇಲ್ಲವೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೆ ಸಾಗುತ್ತದೆ. ಲಾಲ್‌ಬಾಗ್ ಇರುವುದು ಕೋರಮಂಗಲ ಕಣಿವೆಯ ಮೇಲ್ಭಾಗದಲ್ಲಿ. ಅಲ್ಲಿಂದ ಬೆಳ್ಳಂದೂರು ಎಂಟು-ಒಂಬತ್ತು ಕಿಲೋಮೀಟರ್, ಮುಂದೆ ವರ್ತೂರು ಸುಮಾರು ಏಳು ಕಿಲೋಮೀಟರ್. ಇಷ್ಟು ದೂರಕ್ಕೆ ನೆಲ ಇಳಿಯುವುದು ಕೆಲವೇ ಹತ್ತಾರು ಮೀಟರ್. ಕಣ್ಣಿಗೆ ಕಾಣದ ಈ ಇಳಿಜಾರನ್ನು ನೀರು ತಪ್ಪದೆ ಕಂಡುಕೊಳ್ಳುತ್ತದೆ.

ಈ ಇಳಿಜಾರಿಗೆ ಅಡ್ಡವಾಗಿ ಮಣ್ಣಿನ ಏರಿ ಹಾಕಿದರೆ ಕೆರೆಯಾಗುತ್ತದೆ. ಏರಿಯ ಮೇಲೆ ನೀರು ಎಷ್ಟು ಬಲ ಹಾಕುತ್ತದೆ? ಆಳ ಹೆಚ್ಚಿದಂತೆ ಒತ್ತಡವೂ ಸಮನಾಗಿ ಹೆಚ್ಚುವುದರಿಂದ, ಏರಿಯ ಒಂದು ಮೀಟರ್ ಉದ್ದದ ಮೇಲಿನ ಒಟ್ಟು ಬಲ ಆಳದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೂರು ಮೀಟರ್ ಆಳಕ್ಕೆ ಅದು ಸುಮಾರು 44,000 ನ್ಯೂಟನ್, ಅಂದರೆ ನಾಲ್ಕೂವರೆ ಟನ್ನಿನ ಭಾರ. ಆಳವನ್ನು ಆರು ಮೀಟರ್ ಮಾಡಿದರೆ ಬಲ ನಾಲ್ಕು ಪಟ್ಟು, ಹದಿನೆಂಟು ಟನ್. ಆದರೆ ಕೆರೆ ಐದು ಎಕರೆಯದೋ ಐನೂರು ಎಕರೆಯದೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ! ಮಣ್ಣಿನ ಏರಿಯಿಂದ ಹೆಚ್ಚು ನೀರು ಹಿಡಿಯಬೇಕಾದರೆ ಆಳವಿಲ್ಲದ, ಅಗಲವಾದ ಕೆರೆಯೇ ಕ್ಷೇಮ. ಅಗಲವಾದ ಕೆರೆಯಿಂದ ನೀರು ಆವಿಯಾಗಿ ಹೋಗುವುದು ಹೆಚ್ಚು ಎಂಬುದೂ ನಿಜ. ಸುರಕ್ಷತೆಗಾಗಿ ತೆತ್ತ ಬೆಲೆ ಅದು. ಸೂತ್ರ ಬರೆಯದಿದ್ದರೂ ನಮ್ಮ ಕೆರೆ ಕಟ್ಟಿದವರಿಗೆ ಇದು ಅನುಭವದಿಂದ ತಿಳಿದಿತ್ತು.

ಏರಿಯಷ್ಟೇ ಮುಖ್ಯವಾದವು ತೂಬು ಮತ್ತು ಕೋಡಿ. ತೂಬಿನಿಂದ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತದೆ. ಅದನ್ನು ತೆರೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ತೂಬಿನ ನೀರಿನ ವೇಗ ಆಳದ ವರ್ಗಮೂಲಕ್ಕೆ ಅನುಗುಣ ಎಂದು ಟೊರಿಚೆಲ್ಲಿಯ ನಿಯಮ ಹೇಳುತ್ತದೆ. ಘರ್ಷಣೆಯನ್ನು ಬಿಟ್ಟರೆ, ನಾಲ್ಕು ಮೀಟರ್ ಆಳದಲ್ಲಿ ಸೆಕೆಂಡಿಗೆ 8.9 ಮೀಟರ್ ಇದ್ದ ವೇಗ, ಆಳ ಒಂದು ಮೀಟರಿಗೆ ಇಳಿದಾಗ 4.4 ಮೀಟರ್ ಆಗುತ್ತದೆ. ಹೀಗೆ ಕೆರೆ ಇಳಿದಂತೆ ಸರದಿಯ ಹೊತ್ತನ್ನು ಬದಲಿಸಬೇಕಾಗುತ್ತದೆ.

ಕೋಡಿಯ ಕೆಲಸ ಬೇರೆ. ನೀರು ಏರಿಯ ಮೇಲೆ ಹರಿದರೆ ಮಣ್ಣು ಕೊಚ್ಚಿ ಏರಿಯೇ ಒಡೆಯುತ್ತದೆ. ಅದಕ್ಕೆ ಮೊದಲೇ ಹೆಚ್ಚುವರಿ ನೀರು ಕೋಡಿಯಿಂದ ಹೊರಬಿದ್ದು ಕಾಲುವೆ ಸೇರಿ ಕೆಳಗಿನ ಕೆರೆಗೆ ಹೋಗುತ್ತದೆ. ಮೇಲಿನ ಕೆರೆ ಹೂಳನ್ನು ತಡೆದುಕೊಂಡು ತಿಳಿನೀರನ್ನು ಕಳಿಸುತ್ತದೆ, ಪ್ರವಾಹದ ರಭಸವನ್ನೂ ಇಳಿಸುತ್ತದೆ. ಹಾಗಾಗಿ ಯಾವ ಕೆರೆಯೂ ಒಂಟಿಯಲ್ಲ. ಅದು ಸರಪಳಿಯ ಒಂದು ಕೊಂಡಿ.

ಕಲ್ಲಿನಲ್ಲಿ ಬರೆದದ್ದು

ಇದು ಕೇವಲ ಊಹೆಯಲ್ಲ, ಶಾಸನಗಳ ಆಧಾರವಿದೆ. ಬೆಳ್ಳಂದೂರಿಗೆ ಸ್ವಲ್ಪ ಮೇಲಿರುವ ಅಗರದಲ್ಲಿ ಗಂಗರ ಕಾಲದ, 9ನೇ ಶತಮಾನದ ಶಾಸನವೊಂದು ಸಿಕ್ಕಿದೆ. ಎರಡು ಕೆರೆಗಳಿಗೆ ತೂಬು ಇಡಿಸಿ ಮತ್ತೊಂದು ಕೆರೆಯನ್ನು ಕಟ್ಟಿಸಿದವನಿಗೆ ಬಿತ್ತುವಟ್ಟ ದೊರೆತದ್ದನ್ನು ಅದು ಹೇಳುತ್ತದೆ. ಬಿತ್ತುವಟ್ಟವೆಂದರೆ ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ. ವೈಟ್‌ಫೀಲ್ಡ್ ಬಳಿಯ ಕಾಡುಗೋಡಿಯಲ್ಲಿ ಚೋಳರ ಕಾಲದ, ಕ್ರಿ.ಶ. 1043ರ ತಮಿಳು ಶಾಸನವಿದೆ. ಪಟ್ಟಂದೂರಿನ ಕೆರೆಯನ್ನು ತೂಬುಗಳೊಂದಿಗೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಇಂದು ಆ ಪಟ್ಟಂದೂರು ಅಗ್ರಹಾರದ ಸುತ್ತ ತಂತ್ರಾಂಶ ಸಂಸ್ಥೆಗಳ ಗಾಜಿನ ಕಟ್ಟಡಗಳಿವೆ. ಐಟಿ ಬರುವುದಕ್ಕೆ ಸುಮಾರು 950 ವರ್ಷ ಮೊದಲೇ ಅಲ್ಲಿ ಎಂಜಿನಿಯರಿಂಗ್ ಇತ್ತು.

ಸರಪಳಿ ತುಂಡಾದದ್ದು ಹೇಗೆ?

ಸಾವಿರ ವರ್ಷ ಬಾಳಿದ ಈ ಏರ್ಪಾಡು ಒಂದು ಶತಮಾನದೊಳಗೆ ಹೇಗೆ ಕೆಟ್ಟಿತು? ಜನ ಕೆಟ್ಟವರಾದರು ಎನ್ನುವುದು ಸುಲಭದ ಉತ್ತರ. ನಿಜವಾದ ಕಾರಣ ಕೊಳಾಯಿಯಲ್ಲಿದೆ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನಗರಕ್ಕೆ ನೀರು ಬಂತು. ಮನೆಯ ನಲ್ಲಿಗೆ ದೂರದ ನೀರು ಬಂದ ಮೇಲೆ ಹತ್ತಿರದ ಕೆರೆ ಕೆಲಸಕ್ಕೆ ಬಾರದ ಜಾಗವಾಗಿ ಕಂಡಿತು. ಅಚ್ಚುಕಟ್ಟಿನ ಗದ್ದೆ ಬಡಾವಣೆಯಾಯಿತು, ನೀರುಗಂಟಿಗೆ ಕೆಲಸವಿಲ್ಲವಾಯಿತು. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದಲ್ಲಿ 'ಎಸ್.ಟಿ. ಬೆಡ್' ಎಂಬ ಬಡಾವಣೆಯಿದೆ. ಬಿಡಿಸಿ ಹೇಳಿದರೆ ಶ್ರೀನಿವಾಗಿಲು ಟ್ಯಾಂಕ್ ಬೆಡ್, ಅಂದರೆ ಕೆರೆಯಂಗಳ. ಮಳೆ ಬಂದಾಗ ಅಲ್ಲಿ ನೀರು ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಹೆಸರಿನಲ್ಲೇ ಉತ್ತರವಿದೆ.

ಕೆರೆಗಳ ಸ್ಥಿತಿ ನೋಡಿ ಸರಕಾರ 1985ರಲ್ಲಿ ಎನ್. ಲಕ್ಷ್ಮಣರಾವ್ ಸಮಿತಿಯನ್ನು ನೇಮಿಸಿತು. ಉಳಿದ ಕೆರೆಗಳನ್ನು ಒಡೆಯದೆ ಉಳಿಸಿಕೊಳ್ಳಬೇಕೆಂದು ಸಮಿತಿ ಹೇಳಿತು, 1988ರಲ್ಲಿ ಸರಕಾರ ವರದಿಯನ್ನು ಒಪ್ಪಿತು. ಆದರೆ ಉಳಿದ ಕೆರೆಗಳಿಗೆ ಬಂದದ್ದು ಮಳೆ ನೀರಿಗಿಂತ ಹೆಚ್ಚಾಗಿ ಚರಂಡಿ ನೀರು. ಕೊಳಾಯಿಯಿಂದ ಮನೆಗೆ ಬಂದ ನೀರು ಮನೆಯಿಂದ ಹೊರಗೆ ಹೋಗಲೇಬೇಕಲ್ಲ! ಅದೂ ಇದೇ ಇಳಿಜಾರನ್ನು ಹಿಡಿಯಿತು. ಕಣಿವೆಯ ತಳದಲ್ಲಿದ್ದ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಮತ್ತು ಅದರ ಕೆಳಗಿನ ವರ್ತೂರು ಕೆರೆ ಅದನ್ನೆಲ್ಲ ತುಂಬಿಕೊಂಡವು.

ನನ್ನ ವಿದ್ಯಾರ್ಥಿ ನೋಡಿದ ನೊರೆ ಹುಟ್ಟಿದ್ದು ಹೀಗೆ. ಮಾರ್ಜಕದ ಅಣುಗಳು ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುತ್ತವೆ. ಅಂಥ ನೀರು ಕೋಡಿಯಲ್ಲಿ ಧುಮುಕುವಾಗ ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಮಾರ್ಜಕದ ಪದರ ಗುಳ್ಳೆಗಳನ್ನು ಒಡೆಯದಂತೆ ಕಾಯುತ್ತದೆ. 2015ರಲ್ಲಿ ಈ ನೊರೆ ರಸ್ತೆಗೆ ಹಾರಿ ಬಂದದ್ದನ್ನು ದೇಶವೇ ನೋಡಿತು. 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶಗಳ ನಂತರ ಎರಡೂ ಕೆರೆಗಳ ಹೂಳೆತ್ತುವ ಕೆಲಸ ಆರಂಭವಾಯಿತು.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದೇ ರಾತ್ರಿ ಸುಮಾರು 130 ಮಿಲಿಮೀಟರ್ ಮಳೆ ಸುರಿಯಿತು. ಬೆಳ್ಳಂದೂರು, ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆಗಳಲ್ಲಿ ಜನರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಹಿಂದಿನ ಲೆಕ್ಕವನ್ನು ಇಲ್ಲಿಗೆ ಹಚ್ಚಿ ನೋಡಿ. ಒಂದು ಚದರ ಕಿಲೋಮೀಟರಿಗೆ 13 ಕೋಟಿ ಲೀಟರ್ ನೀರು! ಅದನ್ನು ಹಂತಹಂತವಾಗಿ ತಡೆಯಲು ಮೇಲೆ ಕೆರೆಗಳಿಲ್ಲ, ಇಂಗಲು ಮಣ್ಣಿಲ್ಲ, ಹರಿಯಲು ರಾಜಕಾಲುವೆಯ ಅಗಲವಿಲ್ಲ. ಜಮೀನಿನ ಪತ್ರಗಳು ಬದಲಾಗಿದ್ದವು, ಇಳಿಜಾರು ಬದಲಾಗಿರಲಿಲ್ಲ.

ಗುರುತ್ವದ ಬಿಟ್ಟಿ ಸೇವೆ

2018ರಲ್ಲಿ ಈ ಕಥೆಗೆ ಹೊಸ ತಿರುವು ಬಂತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ಪಂಪ್ ಮಾಡಿ, ಕೋಲಾರ ಜಿಲ್ಲೆಯ ಕೆರೆಗಳಿಗೆ ಕಳಿಸುವ ಯೋಜನೆ ಆರಂಭವಾಯಿತು. ಬರದ ನಾಡಿನ ಒಣಗಿದ ಕೆರೆಗಳು ತುಂಬಿದವು. ಆ ನೀರನ್ನು ಇನ್ನೂ ಹೆಚ್ಚು ಶುದ್ಧಗೊಳಿಸಬೇಕೆಂಬ ಒತ್ತಾಯವೂ ಕೇಳಿಬಂತು. ಎರಡೂ ಮಾತುಗಳಲ್ಲಿ ಹುರುಳಿದೆ. ಭೌತವಿಜ್ಞಾನಿಯಾಗಿ ನಾನು ಒಂದನ್ನು ಸೇರಿಸಬಲ್ಲೆ. ಒಂದು ಕೋಟಿ ಲೀಟರ್ ನೀರನ್ನು ಹತ್ತು ಮೀಟರ್ ಎತ್ತಲು, ನಷ್ಟವನ್ನೆಲ್ಲ ಬಿಟ್ಟರೂ, 272 ಯೂನಿಟ್ ವಿದ್ಯುತ್ ಬೇಕು. ಅದೇ ನೀರನ್ನು ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಗುರುತ್ವ ಬಿಟ್ಟಿಯಾಗಿ ಸಾಗಿಸುತ್ತಿತ್ತು. ದಾರಿ ಬಿಟ್ಟುಕೊಟ್ಟರೆ ಈಗಲೂ ಸಾಗಿಸುತ್ತದೆ.

ಅಧ್ಯಾಪಕರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಮಕ್ಕಳನ್ನು ಲಾಲ್‌ಬಾಗಿಗೆ ಕರೆದೊಯ್ದಾಗ ಮರಗಳ ಹೆಸರಿನ ಜೊತೆಗೆ ನೀರಿನ ದಾರಿಯನ್ನೂ ಕೇಳಿ. ನಿಮ್ಮ ಊರು ಪೀಣ್ಯವಾಗಲಿ, ಬೇಗೂರಾಗಲಿ, ರಾಯಚೂರಾಗಲಿ, ಶಾಲೆಯ ಅಂಗಳದಿಂದಲೇ ಇದನ್ನು ಮಾಡಬಹುದು. ಸಮೋನ್ನತಿ ರೇಖೆಗಳಿರುವ ಭೂಪಟವೊಂದನ್ನು ತನ್ನಿ. ಶಾಲೆಯ ಮೇಲೆ ಬಿದ್ದ ಮಳೆ ಯಾವ ಕೆರೆಗೆ, ಅಲ್ಲಿಂದ ಯಾವ ಹೊಳೆಗೆ ಹೋಗುತ್ತದೆಂದು ಮಕ್ಕಳೇ ಗುರುತಿಸಲಿ. ದಾರಿ ಎಲ್ಲಿ ತುಂಡಾಗಿದೆಯೋ ಅಲ್ಲಿಗೆ ಒಂದು ದಿನ ನಡೆದು ಹೋಗಿ ನೋಡಿ ಬನ್ನಿ.

ಆ ವರ್ತೂರಿನ ಹುಡುಗ ಈಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾನೆ. ಪ್ರತಿ ವರ್ಷ ಮಕ್ಕಳನ್ನು ಊರಿನ ಕೆರೆಯ ಕೋಡಿಗೆ ಕರೆದುಕೊಂಡು ಹೋಗಿ, "ಈ ನೀರು ಎಲ್ಲಿಂದ ಬಂತು?" ಎಂದು ಕೇಳುತ್ತಾನಂತೆ. ನಾನು ಲಾಲ್‌ಬಾಗಿನಲ್ಲಿ ಕೇಳಿದ ಪ್ರಶ್ನೆಯನ್ನು ಅವನು ಸರಪಳಿಯ ಈಚೆಯ ತುದಿಯಲ್ಲಿ ನಿಂತು ಕೇಳುತ್ತಿದ್ದಾನೆ.